ಕ್ರೀ ಊರಿನ ಮೊದಲ ಚುನಾವಣೆಯ ಟೇಪು

ಡಬ್ಬದ ಮುಚ್ಚಳ ತೆಗೆದ ಕೂಡಲೇ ಕೋಣೆಯ ತುಂಬ ವಿನೆಗರ್ ವಾಸನೆ ಹರಡಿತು. ಮುಂದಿನ ಕೋಣೆಯಲ್ಲಿ ಯಾರದೋ ಮದುವೆ ಕ್ಯಾಸೆಟ್ಟಿಗೆ ಚೀಟಿ ಅಂಟಿಸುತ್ತಿದ್ದ ನಮ್ಮ ಮಾಲೀಕರು ಅಲ್ಲಿಂದಲೇ ಕೂಗಿದರು.

“ಏನ್ ತಂಗಿ, ಉಪ್ಪಿನಕಾಯಿ ಭರಣಿ ತೆಗದಿಯೇನ?”

“ಉಪ್ಪಿನಕಾಯಿ ಆಗಿದ್ರೆ ಪರವಾಗಿರ್ಲಿಲ್ಲ ಅಂಕಲ್. ಟೇಪು. ಕೊಳೀತಾ ಇದೆ.”

ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನ ಒಂದು ಸ್ಟ್ರಿಪ್ ಮಾಲಿನಲ್ಲಿ, ಹುಬ್ಬು ತೀಡುವ ಪಾರ್ಲರಿಗೂ ಟ್ಯಾಕ್ಸ್ ಆಫೀಸಿಗೂ ನಡುವೆ ನಮ್ಮ ಅಂಗಡಿ. ಹಳೆಯ ಕ್ಯಾಸೆಟ್ಟು, ರೀಲು, ವಿಡಿಯೋ ಟೇಪುಗಳಲ್ಲಿ ಇರುವುದನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನಮ್ಮ ಕೆಲಸ. ಮಾಲೀಕರು ಧಾರವಾಡದ ಕಡೆಯವರು. ಒಂದು ಕಾಲದಲ್ಲಿ ಇಲ್ಲಿಂದ ಜರ್ಸಿ ಸಿಟಿಯವರೆಗೆ ನಡೆದ ನಮ್ಮವರ ಮದುವೆಗಳನ್ನೆಲ್ಲ ವಿಡಿಯೋ ಮಾಡಿದವರು. ಎಲ್ಲರ ಕೈಗೂ ಫೋನ್ ಬಂದ ಮೇಲೆ ಮದುವೆ ಕೈಬಿಟ್ಟು, ವಕೀಲರ ಸಾಕ್ಷಿ ವಿಚಾರಣೆಯ ಟೇಪುಗಳನ್ನೂ ಟೌನ್‌ಶಿಪ್ ಸಭೆಗಳ ಕ್ಯಾಸೆಟ್ಟುಗಳನ್ನೂ ಹಿಡಿದುಕೊಂಡರು. ಧ್ವನಿಯ ಕೆಲಸವೆಲ್ಲ ನನ್ನದು. ನಾನು ಮೈಸೂರಿನವಳು. ನನ್ನ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾನೆ. ಪ್ಲೇನ್ಸ್‌ಬರೋದಿಂದ ದಿನಾ ರೂಟ್ ಒನ್ನಿನ ಟ್ರಾಫಿಕ್ಕಿನಲ್ಲಿ ಡ್ರೈವ್ ಮಾಡುವವಳ ನಾಲಿಗೆ ಇನ್ನು ಹೇಗಿರಬೇಕು?

ಆ ಡಬ್ಬಗಳನ್ನು ತಂದವಳು ಕೆನಡಾದ ಜೇಮ್ಸ್ ಕೊಲ್ಲಿಯ ದಂಡೆಯಲ್ಲಿರುವ ಒಂದು ಕ್ರೀ ಊರಿನ ಹೆಂಗಸು. ಕ್ರೀ ಎಂದರೆ ಆ ಸೀಮೆಯ ಮೂಲ ಜನ. ಅವಳು ಆ ಊರಿನ ಸಂಸ್ಕೃತಿ ಕಚೇರಿಯ ಸಂಯೋಜಕಿ, ನನ್ನದೇ ವಯಸ್ಸು ಇದ್ದೀತು. ನ್ಯೂಜೆರ್ಸಿಯ ಕಾಲೇಜು ಅಧ್ಯಾಪಕಿಯೊಬ್ಬಳು ತನ್ನ ಹರೆಯದಲ್ಲಿ ಹಲವು ಬೇಸಿಗೆಗಳನ್ನು ಆ ಊರಿನಲ್ಲಿ ಕಳೆದು, ಜನರ ಸಭೆಗಳನ್ನು ರೆಕಾರ್ಡ್ ಮಾಡಿಕೊಂಡಿದ್ದಳಂತೆ. ಅವಳು ತೀರಿಕೊಂಡ ಮೇಲೆ ಮಗಳು ಮನೆ ಮಾರಲು ಹೊರಟಾಗ ಬೇಸ್‌ಮೆಂಟಿನಲ್ಲಿ ಈ ಡಬ್ಬಗಳು ಸಿಕ್ಕವು. ಮಗಳು ಒಳ್ಳೆಯವಳು, ಊರಿಗೇ ಫೋನ್ ಮಾಡಿದಳು. ಕೊರಿಯರನ್ನು ನಂಬದೆ ಸಂಯೋಜಕಿ ತಾನೇ ವಿಮಾನ ಹತ್ತಿ ಬಂದಿದ್ದಳು. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಡಬ್ಬಗಳನ್ನಿಟ್ಟು, ಅವಕ್ಕೂ ಸೀಟ್ ಬೆಲ್ಟ್ ಬಿಗಿದಿದ್ದಳು. ಅದನ್ನು ನೋಡಿಯೇ ನನಗೆ ಅವಳು ಇಷ್ಟವಾದಳು.

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಚಳಿಗಾಲದಲ್ಲಿ ಅವರ ಊರಿನ ಹೊಸ ಕೌನ್ಸಿಲ್ ಅಧಿಕಾರ ವಹಿಸಿಕೊಳ್ಳುವ ದಿನ, ಹೊಸ ಸಭಾಂಗಣದ ಗೋಡೆಯ ಮೇಲೆ ಈವರೆಗೆ ಆಯ್ಕೆಯಾದ ಎಲ್ಲ ಚೀಫ್‌ಗಳ, ಅಂದರೆ ಊರಿನ ಮುಖ್ಯಸ್ಥರ, ಫೋಟೋ ಇರುತ್ತದೆ, ಪ್ರತಿ ಫೋಟೋದ ಕೆಳಗೆ ಒಂದು ಗುಂಡಿ, ಒತ್ತಿದರೆ ಆ ಚೀಫ್‌ನ ದನಿ ಕೇಳಬೇಕು ಎಂದಳು.

“ಮೊದಲು ನಮ್ಮಲ್ಲಿ ಚುನಾವಣೆ ಇರಲಿಲ್ಲ. ಬೇಟೆಗೆ ಯಾರ ಹಿಂದೆ ಹೋದರೆ ಹೊಟ್ಟೆ ತುಂಬುತ್ತೋ ಅವನೇ ಹಿರಿಯ. ಅವನ ಲೆಕ್ಕ ತಪ್ಪಿದರೆ ಮುಂದಿನ ವರ್ಷ ಇನ್ನೊಬ್ಬನ ಹಿಂದೆ. ಆಮೇಲೆ ಸರ್ಕಾರಕ್ಕೆ ಸಹಿ ಹಾಕೋಕೆ ಒಬ್ಬ ಬೇಕಾದ. ಸರ್ಕಾರದ ಅಧಿಕಾರಿ, ಏಜೆಂಟ್ ಅಂತಿದ್ದರು, ವಿಮಾನದಲ್ಲಿ ಬಂದು, ಕೈ ಎತ್ತಿ, ಒಬ್ಬನನ್ನು ಆರಿಸಿ ಅಂದ. ಆ ಮೊದಲ ಸಭೆ ಈ ಡಬ್ಬದಲ್ಲಿದೆ.”

ಅವಳು ತೋರಿಸಿದ್ದು ವಿನೆಗರ್ ವಾಸನೆಯ ಆ ಡಬ್ಬವನ್ನೇ.

“ಇದನ್ನೇ ಮೊದಲು ಮಾಡಿ. ಆ ಮೊದಲ ಚೀಫ್‌ನ ಮಗಳು ಕಾಯ್ತಿದ್ದಾರೆ. ನಾವೆಲ್ಲ ಅವರನ್ನ ಅಜ್ಜಿ ಅಂತೀವಿ.”

ಕಾಯುವುದಕ್ಕೆ ಕಾರಣವಿತ್ತು. ಅಜ್ಜಿಯ ಅಪ್ಪನನ್ನು ಊರಿನಲ್ಲಿ ಹಲವರು ‘ಏಜೆಂಟನ ಚೀಫ್’ ಎಂದು ಕರೆಯುತ್ತಿದ್ದರು. ಏಜೆಂಟ್ ಕೇಳಿದ್ದೇ ತಡ, ಕುರ್ಚಿ ಆಸೆಗೆ ಆತ ಹೂಂ ಅಂದುಬಿಟ್ಟ, ಊರಿನ ಮಾತು ಕೇಳಲಿಲ್ಲ, ಸರ್ಕಾರ ಊರಿನೊಳಗೆ ಕಾಲಿಟ್ಟಿದ್ದೇ ಅವನಿಂದ ಎಂಬುದು ಆ ಮಾತಿನ ತಿರುಳು. ಮುಂದೆ ಸರ್ಕಾರ ಅವರ ನದಿಗೆ ಅಣೆಕಟ್ಟು ಕಟ್ಟಲು ಹೊರಟ ಜಗಳದ ಕಾಲದಲ್ಲಿ ಇದು ಇನ್ನೂ ಬಲವಾಯಿತಂತೆ. ಅಜ್ಜಿಯ ಅಣ್ಣ ಒಮ್ಮೆ ಚುನಾವಣೆಗೆ ನಿಂತಾಗ ಇದೇ ಮಾತು ಅವನನ್ನು ಸೋಲಿಸಿತು. ಆ ಸಭೆಯಲ್ಲಿ ಅಜ್ಜಿ ಎಂಟೊಂಬತ್ತು ವರ್ಷದ ಹುಡುಗಿಯಾಗಿ ನೆಲದ ಮೇಲೆ ಕೂತಿದ್ದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಒಪ್ಪಿಕೊಂಡ ಎಂಬುದು ಅವಳ ನೆನಪು. ಆ ಸಭೆ ಕಂಡವರಲ್ಲಿ ಬೇರೆ ಯಾರೂ ಉಳಿದಿಲ್ಲ. ಮಗುವಿನ ನೆನಪಿಗೆ ಯಾರು ಬೆಲೆ ಕೊಡುತ್ತಾರೆ? ಟೇಪು ಹೇಳಲಿ ಎಂದು ಅಜ್ಜಿ ಕಾಯುತ್ತಿದ್ದಳು.

ಮಾಲೀಕರು ಒಳಗೆ ಬಂದು ರೀಲನ್ನು ನೋಡಿ, “ಡಿಹೈಡ್ರೇಟರ್‌ನ್ಯಾಗ ಇಟ್ಟು ಬಿಸಿ ಮಾಡಿಬಿಡೂಣು” ಎಂದರು. ಅಂಟಾಗುವ ಟೇಪುಗಳನ್ನು ನಾವು ಹಣ್ಣು ಒಣಗಿಸುವ ಆ ಪೆಟ್ಟಿಗೆಯಲ್ಲಿಟ್ಟು ಹದವಾಗಿ ಕಾಯಿಸಿ ಸರಿಮಾಡುತ್ತೇವೆ. ಆದರೆ ಅದು ಆಮೇಲಿನ ಕಾಲದ ಟೇಪುಗಳ ಔಷಧಿ. ನಾನು ರೀಲನ್ನು ದೀಪಕ್ಕೆ ಅಡ್ಡ ಹಿಡಿದೆ. ಸುತ್ತಿದ ಟೇಪಿನ ಮೂಲಕ ಬೆಳಕು ತಿಳಿಯಾಗಿ ಹಾದುಬಂತು.

“ನೋಡಿ ಅಂಕಲ್, ಬೆಳಕು ಬರ್ತಿದೆ. ಅಸಿಟೇಟು. ಇದಕ್ಕೆ ಶಾಖ ಕೊಟ್ರೆ ಹಪ್ಪಳ ಆಗುತ್ತೆ.”

“ಹಂಗಾರ ಬ್ಯಾಡ. ನೀ ಡಾಕ್ಟರು, ನಾ ಕಂಪೌಂಡರ್.”

ಟೇಪು ಕುಗ್ಗಿ, ಅಂಚು ಮಡಿಚಿ, ಹಳೆಯ ಬಾಳೆಎಲೆಯಂತೆ ಮುರುಟಿಕೊಂಡಿತ್ತು. ಮಷೀನಿಗೆ ಏರಿಸಿದ ಸ್ವಲ್ಪ ಹೊತ್ತಿಗೇ ಟಕ್ಕೆಂದು ತುಂಡಾಯಿತು. ಅಸಿಟೇಟ್ ಎಂಬ ಆ ಹಳೆಯ ಪ್ಲಾಸ್ಟಿಕ್ಕಿನ ಒಂದು ಒಳ್ಳೆಯ ಗುಣವೆಂದರೆ ಅದು ಎಳೆದುಕೊಂಡು ಹಾಳಾಗುವುದಿಲ್ಲ, ನೇರವಾಗಿ ಮುರಿಯುತ್ತದೆ. ತುದಿಗೆ ತುದಿ ಕೂಡಿಸಿ, ಹಿಂಬದಿಗೆ ತೆಳುಪಟ್ಟಿ ಅಂಟಿಸಿ, ಉಗುರಿನಿಂದ ಉಜ್ಜಿದರೆ ಮತ್ತೆ ಓಡುತ್ತದೆ. ಓಡಿಸುವುದು, ಮುರಿಯುವುದು, ಅಂಟಿಸುವುದು, ಮತ್ತೆ ಓಡಿಸುವುದು. ಇಡೀ ದಿನ ಇದೇ ಆಯಿತು. ಟೇಪಿನಿಂದ ದನಿ ಓದುವ ಹೆಡ್ಡಿನ ಕೋನವನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಮಂಕಾಗಿದ್ದ ಮಾತು ಬಿಚ್ಚಿಕೊಳ್ಳುವ ಜಾಗವನ್ನು ಕಿವಿಯಲ್ಲೇ ಹುಡುಕಿದೆ. ರೆಕಾರ್ಡ್ ಮಾಡಿದಾಗ ಬ್ಯಾಟರಿ ಇಳಿದಿತ್ತೆಂದು ಕಾಣುತ್ತದೆ, ಕೊನೆಕೊನೆಗೆ ಎಲ್ಲರ ದನಿಯೂ ಇಲಿಮರಿಗಳ ದನಿಯಾಗುತ್ತಿತ್ತು. ಅದನ್ನೂ ಸರಿಪಡಿಸಿದೆ.

ಏಜೆಂಟನ ಮಾತು ಇಂಗ್ಲಿಷ್, ಅವನ ದುಭಾಷಿ ಎರಡೂ ಭಾಷೆ ಆಡುತ್ತಿದ್ದ. ಹಾಗಾಗಿ ಸಭೆಯ ಜಾಡು ನನಗೂ ಸಿಕ್ಕಿತು. ಒಬ್ಬರು ಹೆಸರು ಹೇಳುತ್ತಾರೆ, ಏಜೆಂಟ್ ಕೈಗಳನ್ನು ಎಣಿಸುತ್ತಾನೆ, ‘ನೀನು ಒಪ್ಪುತ್ತೀಯಾ?’ ಎಂದು ಕೇಳುತ್ತಾನೆ, ದುಭಾಷಿ ಅದನ್ನು ಕ್ರೀ ಭಾಷೆಯಲ್ಲಿ ಹೇಳುತ್ತಾನೆ, ಅದರ ಬೆನ್ನಿಗೇ ಒಬ್ಬ ಗಂಡಸು ಒಂದೇ ಮಾತು ಹೇಳುತ್ತಾನೆ. ಎಲ್ಲ ಸ್ಪಷ್ಟ. ನನಗೆ ಹೆಮ್ಮೆಯೇ ಆಯಿತು. ಆಗಲೇ ಊರಿಗೆ ಮರಳಿದ್ದ ಸಂಯೋಜಕಿಗೆ ಫೈಲು ಕಳಿಸಿ, ಉಳಿದ ಡಬ್ಬಗಳಿಗೆ ಕೈ ಹಾಕಿದೆ.

ಉಳಿದವು ಅಷ್ಟು ಕಾಡಲಿಲ್ಲ. ಅವುಗಳಲ್ಲಿ ನಂತರದ ಚುನಾವಣೆಗಳಿದ್ದವು. ಭಾಷೆ ಬಾರದಿದ್ದರೂ ಚರಿತ್ರೆ ಕಿವಿಗೆ ಬಿತ್ತು. ಒಂದು ಟೇಪಿನಲ್ಲಿ ಕೈ ಎಣಿಸುವ ಬದಲು ಡಬ್ಬಿಗೆ ಚೀಟಿ ಬೀಳುವ ಸದ್ದು. ಇನ್ನೊಂದರಲ್ಲಿ ದುಭಾಷಿಯೇ ಇಲ್ಲ. ಆಯ್ಕೆಯಾದ ಯುವಕ ತಾನೇ ಇಂಗ್ಲಿಷಿನಲ್ಲಿ ಅಧಿಕಾರಿಯೊಡನೆ ಜಗಳಕ್ಕೆ ನಿಂತಿದ್ದಾನೆ. ಮನೆಯಿಂದ ದೂರದ ವಸತಿ ಶಾಲೆಗೆ ಒಯ್ಯಲ್ಪಟ್ಟ ಮಕ್ಕಳು ಅಲ್ಲಿ ಕಲಿತ ಭಾಷೆಯನ್ನೇ ಹಿಡಿದು ಹೋರಾಡಿದರು ಎಂದು ಸಂಯೋಜಕಿ ಹೇಳಿದ್ದಳು. ಮತ್ತೊಂದು ಟೇಪಿನಲ್ಲಿ ಹೆಂಗಸೊಬ್ಬಳು ಕೌನ್ಸಿಲ್ಲಿಗೆ ಆಯ್ಕೆಯಾದಾಗ ಹಿಂದಿನಿಂದ ಹೆಂಗಸರೆಲ್ಲ ನಕ್ಕ ನಗೆ. ಅಂಥ ನಗೆಯನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ, ಪಕ್ಕದ ಇಸೆಲಿನ್ನಿನ ನಮ್ಮವರ ಕಿಟ್ಟಿ ಪಾರ್ಟಿಗಳಲ್ಲಂತೂ ಇಲ್ಲವೇ ಇಲ್ಲ.

ಸಂಯೋಜಕಿಯ ಫೋನ್ ಬಂದಾಗ ನಾನು ಊಟದ ಡಬ್ಬಿ ತೆರೆದಿದ್ದೆ. ಅವಳ ದನಿ ಎಂದಿನಂತಿರಲಿಲ್ಲ.

“ಅಜ್ಜಿ ಕೇಳಿದರು.”

“ಚೆನ್ನಾಗಿ ಕೇಳಿಸ್ತಾ?”

“ಚೆನ್ನಾಗೇ ಕೇಳಿಸ್ತು. ಅವರಪ್ಪನ ದನಿಯೇ. ಆದರೆ ಏಜೆಂಟ್ ಕೇಳಿದ ತಕ್ಷಣ ಅವರು ಒಪ್ಪಿಕೊಂಡಿದ್ದಾರೆ. ಊರಿನವರು ಹೇಳುತ್ತಿದ್ದ ಹಾಗೆಯೇ. ಅಜ್ಜಿ ಎದ್ದು ಹೋದರು. ಇವತ್ತು ಬೆಳಿಗ್ಗೆ ಬಂದು, ‘ನಾನೇ ತಪ್ಪು ನೆನಪಿಟ್ಟುಕೊಂಡಿದ್ದೆ. ಚಿಕ್ಕವಳಿದ್ದೆ. ಅಪ್ಪನ ಮೇಲಿನ ಪ್ರೀತಿಗೆ ಕಥೆ ಕಟ್ಟಿಕೊಂಡಿದ್ದೆನೋ ಏನೋ. ಆ ಟೇಪನ್ನು ಸಭಾಂಗಣದಲ್ಲಿ ಹಾಕಬೇಡಿ’ ಅಂದರು.”

ಊಟದ ಡಬ್ಬಿ ಮುಚ್ಚಿಟ್ಟೆ. ಇಳಿವಯಸ್ಸಿನ ಹೆಂಗಸೊಬ್ಬಳು ಜೀವಮಾನವಿಡೀ ಎದೆಗವಚಿಕೊಂಡ ನೆನಪನ್ನು ನಾನು ಕಳಿಸಿದ ಫೈಲು ಸುಳ್ಳು ಮಾಡಿತ್ತು. ನಿಜವೇ ಹಾಗಿದ್ದರೆ ನಾನೇನು ಮಾಡಲಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಮತ್ತೆ ಕೇಳಿದೆ. ದುಭಾಷಿಯ ಪ್ರಶ್ನೆ, ಬೆನ್ನಿಗೇ ಉತ್ತರ. ನಾಲ್ಕನೆಯ ಸಲವೋ ಐದನೆಯ ಸಲವೋ ಕೇಳುವಾಗ ಒಂದು ವಿಷಯ ಹೊಳೆಯಿತು. ಪ್ರಶ್ನೆಯ ಹಿಂದೆ ಹೊರಗೆಲ್ಲೋ ನಾಯಿ ಬೊಗಳುತ್ತಿತ್ತು. ಉತ್ತರದ ಹಿಂದೆ ನಾಯಿಯೇ ಇಲ್ಲ. ಬೊಗಳು ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ಯಾವ ಊರಿನ ನಾಯಿಯೂ ಅರ್ಧ ಬೊಗಳಿ ನಿಲ್ಲಿಸುವುದಿಲ್ಲ.

ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ತೆರೆದು ನೋಡಿದೆ. ವಕೀಲರ ಟೇಪುಗಳಿಗೆಂದು ನಾವು ಮಾಡಿಟ್ಟ ಸೆಟ್ಟಿಂಗಿನ ಅಚ್ಚಿನಲ್ಲೇ ಇದನ್ನೂ ಇಳಿಸಲಾಗಿತ್ತು. ಸಾಕ್ಷಿ ಯೋಚಿಸುತ್ತ ಕೂರುವ ಹೊತ್ತು, ಕಾಗದ ತಿರುವುವ ಹೊತ್ತು, ಕಾಫಿ ಕುಡಿಯುವ ಹೊತ್ತು ಯಾವ ವಕೀಲನಿಗೂ ಬೇಡ. ಆದ್ದರಿಂದ ಇಷ್ಟಕ್ಕಿಂತ ಸಣ್ಣ ಸದ್ದು ಬಂದರೆ ಅದನ್ನು ಮೌನವೆಂದು ತಿಳಿದು ಕಂಪ್ಯೂಟರು ರೆಕಾರ್ಡ್ ಮಾಡುವುದನ್ನೇ ನಿಲ್ಲಿಸುತ್ತದೆ, ಯಾರಾದರೂ ಗಟ್ಟಿಯಾಗಿ ಬಾಯಿ ಬಿಟ್ಟರೆ ಮತ್ತೆ ಶುರುಮಾಡುತ್ತದೆ. ನಮ್ಮ ಅಂಗಡಿಯ ಪ್ರತಿ ಕೆಲಸಕ್ಕೂ ಅದೇ ಅಚ್ಚು. ಮದುವೆ ವಿಡಿಯೋದಲ್ಲಿ ಮುಹೂರ್ತಕ್ಕೆ ಕಾಯುವ ಹೊತ್ತನ್ನು ಕತ್ತರಿಸುವ ಮಾಲೀಕರ ಹಳೆಯ ಚಾಳಿ ಅಲ್ಲಿಗೂ ಬಂದು ಕೂತಿತ್ತು. ಮುರಿದ ಟೇಪು ಅಂಟಿಸುವ ಗಡಿಬಿಡಿಯಲ್ಲಿ ನನ್ನ ಕಣ್ಣು ಟೇಪಿನ ಮೇಲಿತ್ತೇ ಹೊರತು ಪರದೆಯ ಮೇಲಲ್ಲ.

ಮಾಲೀಕರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಹೌದಲ್ಲ ತಂಗಿ. ಸುಮ್ಮ ಕುಂತಿದ್ದನ್ನ ಕತ್ತರಿಸಿ ಒಗದೀವಿ.”

“ಈಗೇನು ಮಾಡೋದು?”

“ಮಾಡೂದೇನು? ಅದೇ ಟೇಪಿನಾಗಿಂದು ಒಂದಿಷ್ಟು ಖಾಲಿ ಗದ್ದಲ ತಗೊಂಡು ನಡುವ ಜೋಡಸು. ನಾಯಿನೂ ಜೋಡಸು. ಮುದುಕಿ ಖುಷಿ ಆಗ್ತಾಳ. ಸುಳ್ಳೇನಲ್ಲ, ಆ ಮನಿಶ್ಯಾ ಸುಮ್ಮ ಕುಂತಿದ್ದಂತೂ ಖರೇನ.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಷ್ಟೋ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಬ್ಯಾಟರಿ ಮುಗಿದಾಗ, ಮತ್ತೊಂದು ಮದುವೆಯ ಗಟ್ಟಿಮೇಳ ಜೋಡಿಸಿ ಮನೆಗಳನ್ನು ಕಾಪಾಡಿದವರು. ಕೆಲಸವೂ ಸುಲಭ, ನನಗೆ ಊಟದ ಹೊತ್ತಿನಷ್ಟೂ ಬೇಡ. ಮೌಸಿನ ಮೇಲೆ ಕೈ ಇಟ್ಟೂ ಇದ್ದೆ. ಆದರೆ ಎಷ್ಟು ಹೊತ್ತಿನ ಮೌನ ಹಾಕಲಿ? ಅಜ್ಜಿಯ ನೆನಪಿನಷ್ಟೋ, ನನ್ನ ಕನಿಕರದಷ್ಟೋ? ನಾಳೆ ಆ ಊರಿನವನೇ ಒಬ್ಬ ನನ್ನಂಥ ಕಿವಿಯವನು ಒಂದೇ ನಾಯಿ ಒಂದೇ ತರಹ ಎರಡು ಸಲ ಬೊಗಳಿದ್ದನ್ನು ಹಿಡಿದರೆ, ಅಜ್ಜಿ ಸುಳ್ಳಿ, ಅವಳಪ್ಪ ಕಳ್ಳ ಎಂದು ಶಾಶ್ವತವಾಗಿ ಆಗುತ್ತದೆ.

“ಬೇಡ ಅಂಕಲ್. ಟೇಪನ್ನ ಇನ್ನೊಂದ್ಸಲ ಓಡಿಸ್ತೀನಿ.”

“ಅದು ಇನ್ನೊಮ್ಮೆ ತಾಳತೈತೇನು? ಚೂರುಚೂರಾದ್ರ?”

“ಚೂರಾದ್ರೆ ಚೂರನ್ನೇ ಓಡಿಸ್ತೀನಿ.”

ಹೇಳುವುದೇನೋ ಹೇಳಿಬಿಟ್ಟೆ, ಆದರೆ ಟೇಪು ನನ್ನದಲ್ಲ. ಸಂಯೋಜಕಿಗೆ ಫೋನ್ ಮಾಡಿ, ನಮ್ಮ ಕಂಪ್ಯೂಟರು ಮಾಡಿದ್ದನ್ನೂ ಮಾಲೀಕರ ಸಲಹೆಯನ್ನೂ ಮತ್ತೆ ಓಡಿಸಿದರೆ ಇರುವ ಅಪಾಯವನ್ನೂ ಬಿಡಿಸಿ ಹೇಳಿದೆ. ಆ ಜಾಗ ಪುಡಿಯಾದರೆ ಅಲ್ಲಿ ಏನಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟಳು. ಸಂಜೆಯೊಳಗೆ ಉತ್ತರ ಬಂತು.

“ಓಡಿಸಿ ಅಂದರು. ‘ಡಬ್ಬದೊಳಗೆ ಇದ್ದು ಕೊಳೆಯೋದಕ್ಕಿಂತ ಕೇಳುತ್ತಾ ಮುರಿಯಲಿ’ ಅಂದರು.”

ಈ ಸಲ ಎಲ್ಲವನ್ನೂ ನಿಧಾನವಾಗಿ ಮಾಡಿದೆ. ಮಷೀನಿನ ಎಳೆತವನ್ನು ಇಳಿಸಬಹುದಾದಷ್ಟು ಇಳಿಸಿದೆ. ಅರ್ಧ ವೇಗದಲ್ಲಿ ಓಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಮಾಮೂಲು ವೇಗಕ್ಕೆ ತರುವುದೆಂದು ತೀರ್ಮಾನಿಸಿದೆ. ವಕೀಲರ ಅಚ್ಚನ್ನು ಮಾಲೀಕರೇ ತಮ್ಮ ಕೈಯಿಂದ ಅಳಿಸಿಹಾಕಿ, ಮುಂಗಟ್ಟಿನ ಬಾಗಿಲಿಗೆ ‘ಕ್ಲೋಸ್ಡ್’ ಬೋರ್ಡ್ ತಗುಲಿಸಿ, ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

ಕೈ ಎಣಿಸುವ ಜಾಗದವರೆಗೆ ಟೇಪು ಮರ್ಯಾದೆಯಿಂದ ಬಂತು. ಮೌನದ ಜಾಗ ಶುರುವಾಗುತ್ತಿದ್ದಂತೆ ಅಂಚು ಸುರುಳಿಯಾಗಿ ಹೆಡ್ಡಿನಿಂದ ಎದ್ದುನಿಂತಿತು. ದನಿ ಮಾಯ. ನಿಲ್ಲಿಸಿ ಹಿಂದಕ್ಕೆ ಸುತ್ತಲು ಹೋದರೆ ಅಲ್ಲೇ ಮುರಿಯಿತು, ಅಂಚಿನ ಒಂದು ಚೂರು ಪುಡಿಯಾಗಿ ಮೇಜಿನ ಮೇಲೆ ಬಿತ್ತು. ಪುಡಿಯನ್ನು ಒಂದು ಕಾಗದದ ಮೇಲೆ ಎತ್ತಿಟ್ಟೆ. ಮಾಲೀಕರು ನನ್ನ ಬೆನ್ನ ಮೇಲೆ ಕೈ ಇಟ್ಟರು.

ಅಂಟಿಸಿ ಮತ್ತೆ ಹಾಕಿದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಟೇಪನ್ನು ಹೆಡ್ಡಿನ ಮೇಲೆ ಮೆಲ್ಲಗೆ ಒತ್ತಿ ಹಿಡಿದೆ. ಹೆಚ್ಚು ಒತ್ತಿದರೆ ಮುರಿಯುತ್ತದೆ, ಕಡಿಮೆಯಾದರೆ ದನಿ ಹೋಗುತ್ತದೆ. ಎದುರಿನ ರೀಲಿಗೆ ಭಾರ ಬೀಳದಂತೆ ಮಾಲೀಕರು ತಮ್ಮ ಬೆರಳಿನಿಂದ ಅದನ್ನು ತಿರುಗಿಸಿಕೊಡುತ್ತಿದ್ದರು. ಅರ್ಧ ವೇಗದಲ್ಲಿ ಕೇಳಿದರೆ ಎಲ್ಲ ಬರೀ ಗೊಗ್ಗರು ಗುಡುಗು. ಏನು ಸಿಕ್ಕಿತು, ಏನು ಹೋಯಿತು ಒಂದೂ ತಿಳಿಯದು. ಇಬ್ಬರ ಕತ್ತೂ ಮರಗಟ್ಟಿದವು.

ವೇಗ ಸರಿಪಡಿಸಿ ಕೇಳಿದಾಗ ಮೊದಲು ಸಿಕ್ಕಿದ್ದು ನಾಯಿ. ಪೂರ್ತಿ ಬೊಗಳಿತು, ಇನ್ನೊಂದು ನಾಯಿ ಉತ್ತರ ಕೊಟ್ಟಿತು. ಬೆಂಚಿನ ಕಿರುಗುಟ್ಟುವಿಕೆ, ಮಗುವಿನ ಕೆಮ್ಮು, ಲೋಟಕ್ಕೆ ಏನೋ ಸುರಿಯುವ ಸದ್ದು. ಅಜ್ಜಿಯ ನೆನಪು ನಿಜವಾಗಿತ್ತು. ಅವಳಪ್ಪ ಸುಮ್ಮನೆ ಕೂತಿದ್ದ. ನನಗೆ ಕುಣಿಯಬೇಕೆನಿಸಿತು. ಆದರೆ ಅಷ್ಟರಲ್ಲಿ ಆ ಸದ್ದುಗಳ ಅಡಿಯಲ್ಲಿ ಬೇರೆ ಏನೋ ಇದೆ ಅನ್ನಿಸಿ ದನಿಯ ಮಟ್ಟ ಏರಿಸಿದೆ.

ಮೈಕಿನಿಂದ ಬಹಳ ದೂರದಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ತಗ್ಗಿದ ದನಿ, ಅವಸರವಿಲ್ಲದ ಮಾತು. ಅವಳು ನಿಲ್ಲಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಸುಮಾರು ಹೊತ್ತಿನ ಮೇಲೆ ಒಬ್ಬ ಗಂಡಸು ಎರಡೇ ಮಾತು ಹೇಳಿದ. ಮತ್ತೆ ಅವಳು. ಇನ್ನೊಬ್ಬ ಗಂಡಸು, ಆಮೇಲೆ ಇನ್ನೊಬ್ಬ ಹೆಂಗಸು. ಮೈಕಿನ ಹತ್ತಿರ ಏಜೆಂಟ್ ಪಿಸುಗುಟ್ಟುವುದು ನನಗೆ ಅರ್ಥವಾಯಿತು. ಏನು ನಡೆಯುತ್ತಿದೆ ಎಂದು ದುಭಾಷಿಯನ್ನು ಕೇಳಿದ. ‘ಸೌದೆ ವಿಷಯ ಸರ್’ ಎಂದ ದುಭಾಷಿ. ‘ಅದನ್ನು ಆಮೇಲೆ ನೋಡೋಣ ಅಂತ ಹೇಳು’ ಎಂದ ಏಜೆಂಟ್. ದುಭಾಷಿ ಅದನ್ನು ಆ ಜನಕ್ಕೆ ದಾಟಿಸಿದಂತೆ ಕಾಣಲಿಲ್ಲ.

ಚುನಾವಣೆಯ ನಡುವೆ ಸೌದೆಯ ಮಾತೇಕೆ ಎಂದು ನನಗೆ ನಗು ಬಂತು. ಮಾಲೀಕರು ನಗಲಿಲ್ಲ. ಹೆಡ್‌ಫೋನ್ ಕಿತ್ತುಕೊಂಡು ಆ ಹೆಂಗಸಿನ ಮಾತನ್ನು ಮತ್ತೆ ಮತ್ತೆ ಕೇಳಿದರು.

“ಭಾಷಾ ತಿಳಿಯೂದಿಲ್ಲ. ಆದ್ರ ಈ ಹೆಣ್ಮಗಳು ಜಗಳಾ ತಗದಿಲ್ಲ ತಂಗಿ. ಲೆಕ್ಕಾ ಕೇಳಾಕತ್ತಾಳ. ನಮ್ಮವ್ವ ನಮ್ಮಪ್ಪನ ದೋಸ್ತರ ಮುಂದ ಹಿಂಗ ಕೇಳ್ತಿದ್ಲು.”

ಸಭಾಂಗಣಕ್ಕೆಂದು ಟೇಪಿನಲ್ಲಿ ಇದ್ದಂತೆಯೇ ಒಂದು ಪ್ರತಿ, ದೂರದ ದನಿಗಳನ್ನು ಸ್ವಲ್ಪ ಎತ್ತರಿಸಿ ಅಜ್ಜಿಗೆಂದು ಒಂದು ಪ್ರತಿ ಮಾಡಿದೆ. ಈ ಸಲ ಫೈಲು ಸುಮ್ಮನೆ ಕಳಿಸಲು ಮನಸ್ಸಾಗಲಿಲ್ಲ. ಅಜ್ಜಿ ಕೇಳುವಾಗ ನಾನೂ ಇರಬಹುದೇ ಎಂದು ಕೇಳಿಕೊಂಡೆ. ವಿಡಿಯೋ ಕಾಲ್ ಮಾಡಿದರು.

ಅಜ್ಜಿ ಚಿಕ್ಕ ಮೈಕಟ್ಟಿನವಳು, ಹೂವಿನ ಸ್ಕಾರ್ಫ್ ಕಟ್ಟಿದ್ದಳು. ಮೇಜಿನ ಮೇಲೆ ಎರಡೂ ಕೈ ಊರಿ, ಪರೀಕ್ಷೆಯ ಫಲಿತಾಂಶಕ್ಕೆ ಬಂದವಳ ಹಾಗೆ ಕೂತಿದ್ದಳು. ಸಂಯೋಜಕಿ ಅವಳ ಕಿವಿಗೆ ಹೆಡ್‌ಫೋನ್ ಇಟ್ಟಳು. ಕೈ ಎಣಿಸುವ ಜಾಗದಲ್ಲಿ ಅಜ್ಜಿ ಕಣ್ಣು ಮುಚ್ಚಿದಳು. ಅಪ್ಪನ ಮೌನ ಶುರುವಾಯಿತೆಂದು ಅವಳ ಮುಖ ನೋಡಿಯೇ ನನಗೆ ತಿಳಿಯಿತು, ಭುಜಗಳು ಇಳಿದವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಏನೋ ಹೇಳಿದಳು. ಸಂಯೋಜಕಿ ನನ್ನ ಕಡೆ ತಿರುಗಿದಳು, ಅವಳ ಕಣ್ಣೂ ತುಂಬಿತ್ತು.

“ಅವರಮ್ಮ. ಅಪ್ಪನ ಜೊತೆ ಅಮ್ಮನೂ ಇದ್ದಾಳೆ ಅಂತಿದ್ದಾರೆ. ಆ ಸಭೆಯ ಮುಂದಿನ ಚಳಿಗಾಲ ಕಳೆದ ಮೇಲೆ ಕಾಯಿಲೆ ಬಂದು ತೀರಿಕೊಂಡರು. ದನಿ ಹೇಗಿತ್ತು ಅನ್ನೋದೇ ಇವರಿಗೆ ಮರೆತುಹೋಗಿತ್ತು.”

ನನಗೆ ಅಳು ಬಂತು, ತಡೆಯಲಿಲ್ಲ. ಪಕ್ಕದಲ್ಲಿ ಮಾಲೀಕರು ಜೋರಾಗಿ ಮೂಗು ಸೀಟಿಕೊಂಡರು.

ಅಜ್ಜಿ ಆ ಭಾಗವನ್ನು ಮತ್ತೆ ಮತ್ತೆ ಕೇಳಿದಳು, ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು, ಸಂಯೋಜಕಿ ನಮಗೆ ಇಂಗ್ಲಿಷಿನಲ್ಲಿ ದಾಟಿಸಿದಳು. ಆ ಕಾಲದಲ್ಲಿ ಬೇಸಿಗೆಗೆ ಮಾತ್ರ ಎಲ್ಲರೂ ದಂಡೆಯ ಊರಿನಲ್ಲಿ ಸೇರುತ್ತಿದ್ದರು. ಚಳಿಗಾಲ ಪೂರ್ತಿ ಒಂದೊಂದು ಸಂಸಾರವೂ ಒಳನಾಡಿನ ತನ್ನ ತನ್ನ ಬೇಟೆಯ ನೆಲಕ್ಕೆ ಹೋಗಬೇಕು, ಹೋಗದಿದ್ದರೆ ಊಟವಿಲ್ಲ. ಚೀಫ್ ಆದವನು ಸರ್ಕಾರದ ವಿಮಾನಕ್ಕೆ ಕಾಯುತ್ತ ಊರಿನಲ್ಲೇ ಉಳಿಯಬೇಕೆಂದು ಏಜೆಂಟ್ ಹೇಳಿದ್ದ. ಚೀಫ್‌ಗೆ ಸಂಬಳವೆಂಬುದು ಲೆಕ್ಕಕ್ಕಿರಲಿಲ್ಲ. ಅದಕ್ಕೇ ಅಜ್ಜಿಯ ತಾಯಿ ಎದ್ದು ಕೇಳಿದ್ದಳು. ‘ಇವನು ಇಲ್ಲಿ ಕೂತರೆ ನಮ್ಮ ಬಲೆ ಯಾರು ಹಾಕುತ್ತೀರಿ? ಮಾಂಸ ಯಾರು ತರುತ್ತೀರಿ? ಸೌದೆ ಯಾರು ತರುತ್ತೀರಿ? ಕೈ ಎತ್ತಿದವರು ಹೇಳಿ.’

ಸೌದೆ ನಾನು ತರುತ್ತೇನೆ ಎಂದು ಮೊದಲು ಹೇಳಿದವನೊಬ್ಬ. ಬಲೆ ನಮ್ಮದು ಎಂದ ಇನ್ನೊಬ್ಬ. ಮಕ್ಕಳಿಗೆ ತೊಗಲಿನ ಬೂಟು ಹೊಲಿದುಕೊಡುತ್ತೇನೆ ಎಂದಳು ಮತ್ತೊಬ್ಬಳು. ಇಷ್ಟಾದ ಮೇಲೆ ಅಪ್ಪ ಹೇಳಿದ ಒಂದೇ ಮಾತು, ‘ಹಾಗಾದರೆ ಆಗಲಿ.’ ನಮ್ಮ ಮೊದಲ ಪ್ರತಿಯಲ್ಲಿ ಏಜೆಂಟನಿಗೆ ಕೊಟ್ಟ ಉತ್ತರವಾಗಿ ಕೇಳಿಸಿದ್ದು ಅದೇ ಮಾತು. ಆತ ಏಜೆಂಟನಿಗೆ ಉತ್ತರ ಕೊಟ್ಟಿರಲೇ ಇಲ್ಲ.

ಆಮೇಲೆ ಅಜ್ಜಿ ಏನೋ ಹೇಳಿದಳು, ಸಂಯೋಜಕಿ ಗಾಬರಿಯಾದಂತೆ ಕಂಡಳು. ಸೌದೆಯ ಮಾತು ಕೊಟ್ಟವನ ದನಿ ಅಜ್ಜಿಗೆ ಗುರುತು ಸಿಕ್ಕಿತ್ತು. ಅವನ ಮಗ ಈಗಲೂ ಇದ್ದಾನೆ, ಅಜ್ಜಿಗಿಂತ ಒಂದೆರಡು ವರ್ಷ ಚಿಕ್ಕವನು, ಆ ಸಭೆಯ ದಿನ ಅಲ್ಲಿರಲಿಲ್ಲ. ‘ಏಜೆಂಟನ ಚೀಫ್’ ಎಂಬ ಮಾತನ್ನು ಜೀವಮಾನವಿಡೀ ಎಲ್ಲರಿಗಿಂತ ಜೋರಾಗಿ ಆಡಿಕೊಂಡು ಬಂದವನು ಅವನೇ. ಅಜ್ಜಿಯ ತಾಯಿ ತೀರಿಕೊಂಡ ಮೇಲೆ ಎರಡೂ ಮನೆಗಳ ನಡುವೆ ಏನೋ ಮನಸ್ತಾಪ ಬಂದು, ಮಕ್ಕಳಿಗೆ ಯಾರೂ ಹಳೆಯದನ್ನು ಹೇಳಿರಲಿಲ್ಲ.

“ಸಭಾಂಗಣದಲ್ಲಿ ಎಲ್ಲರೆದುರು ಹಾಕಿದರೆ ಅವನಿಗೆ ಹೇಗಾಗುತ್ತೆ?” ಎಂದು ನಾನೇ ಕೇಳಿಬಿಟ್ಟೆ. ಒಳಗೊಳಗೆ, ಆಗಲಿ ಬಿಡಿ, ಸ್ವಲ್ಪ ಆಗಲಿ ಎಂದೂ ಅನ್ನಿಸಿತ್ತು. ನಾನು ಅಷ್ಟು ಒಳ್ಳೆಯವಳಲ್ಲ.

ಅಜ್ಜಿ ನನ್ನ ಪ್ರಶ್ನೆ ಕೇಳಿಸಿಕೊಂಡು ತಲೆಯಾಡಿಸಿದಳು. “ಅವನಿಗೆ ಮೊದಲೇ ಕೇಳಿಸಬೇಕು,” ಎಂದಳು ಸಂಯೋಜಕಿಯ ಮೂಲಕ. “ಅವನ ಮನೆಯಲ್ಲೇ. ನಾನು ಬರೋದಿಲ್ಲ, ಬಂದರೆ ಗೆದ್ದೆ ಅಂತ ತೋರಿಸೋಕೆ ಬಂದ ಹಾಗಾಗುತ್ತೆ. ಅವನಪ್ಪನ ದನಿಯೂ ಬೇರೆಲ್ಲೂ ಇಲ್ಲ. ಅದು ಅವನದು.”

ಆಮೇಲಿನದು ಸಂಯೋಜಕಿ ಫೋನಿನಲ್ಲಿ ಹೇಳಿದ್ದು. ಅವಳು ಲ್ಯಾಪ್‌ಟಾಪ್ ಹಿಡಿದು ಆ ಮುದುಕನ ಮನೆಗೆ ಹೋದಳು. ಮೊದಲು ಆತ ಕೇಳುವುದಿಲ್ಲವೆಂದ. ನಿಮ್ಮಪ್ಪ ಇದ್ದಾರೆ ಎಂದ ಮೇಲೆ ಕೂತ. ಅಪ್ಪನ ಎರಡು ಮಾತು ಬಂದಾಗ ಪರದೆಯ ಕಡೆ ಬಾಗಿ, ಮತ್ತೊಮ್ಮೆ ಹಾಕು ಎಂದ. ಮುಗಿದ ಮೇಲೆ ಯಾವ ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದನಂತೆ. ‘ಅವಳಮ್ಮ ತೀರಿಕೊಂಡ ಮೇಲೂ ನಮ್ಮಪ್ಪ ಸೌದೆ ತಂದುಕೊಟ್ಟಿದ್ದನೋ, ನಿಲ್ಲಿಸಿದ್ದನೋ?’ ಸಂಯೋಜಕಿಗೆ ಅದು ಗೊತ್ತಿರಲಿಲ್ಲ, ಹೋಗಿ ಅಜ್ಜಿಯನ್ನು ಕೇಳಿದಳು. ಅಜ್ಜಿ ಸ್ವಲ್ಪ ಯೋಚಿಸಿ, ನಿಲ್ಲಿಸಿದ ಎಂದಳು. ಆ ಉತ್ತರವನ್ನು ಸಂಯೋಜಕಿ ಹಾಗೆಯೇ ತಿರುಗಿ ಒಯ್ದು ಹೇಳಿದಳು.

ಮಾರನೆಯ ಬೆಳಿಗ್ಗೆ ಆ ಮುದುಕ ಸ್ನೋಮೊಬೈಲಿನ ಹಿಂದೆ ಜಾರುಬಂಡಿ ಕಟ್ಟಿ, ಅದರ ತುಂಬ ಒಡೆದ ಸೌದೆ ಹೇರಿಕೊಂಡು ಅಜ್ಜಿಯ ಮನೆ ಮುಂದೆ ನಿಲ್ಲಿಸಿದ. ಅಜ್ಜಿಯ ಮನೆಯಲ್ಲಿ ಈಗ ಕರೆಂಟಿನ ಹೀಟರು, ಸೌದೆ ಒಲೆ ಕಿತ್ತುಹಾಕಿ ಎಷ್ಟೋ ಕಾಲವಾಗಿದೆ. ಅಜ್ಜಿ ಅದನ್ನು ಹೇಳಲಿಲ್ಲ. ಕೋಟು ಹಾಕಿ ಹೊರಗೆ ಬಂದು, ಗೋಡೆಯ ಬದಿಯ ಹಿಮ ಗೋರಿ, ಇಲ್ಲಿ ಪೇರಿಸು ಎಂದು ಜಾಗ ತೋರಿಸಿದಳು.